ಚೌಕ ಸರಿ

14 ನವೆಂಬರ್ 1988, ಬೆಳಿಗ್ಗೆ 7-40

ವೈರ್‌ಲೆಸ್‌ನಲ್ಲಿ ಕಾಗವಾಡ ಸೆಕ್ಷನ್ ಆಫೀಸಿಗೆ 38 ಹೊಲದ ನಂಬರ್ ಕಳಿಸಿದೆ. ಅವರು ಮತ್ತೆ ಕೇಳಿದ್ದು 23 ಸಲ. ಕುಡಚಿಗೆ 22, ಮತ್ತೆ ಕೇಳಿದ್ದು 3. ಕುಡಚಿಯದು ತಕರಾರಿಲ್ಲ. ಗೋಳೆಲ್ಲ ಕಾಗವಾಡದ್ದೇ.

ಕಾರಣ ಗೊತ್ತೇ ಇದೆ. 6-15ಕ್ಕೆ ಮೂರು ಫೇಜ್ ಕರೆಂಟ್ ಬಿಡುತ್ತಾರೆ. ಬಿಟ್ಟ ಕೂಡಲೇ ನದಿದಂಡೆಯ ಊರುಗಳಲ್ಲಿ ಇದ್ದಬದ್ದ ಪಂಪ್‌ಸೆಟ್‌ಗಳ ಸ್ಟಾರ್ಟರನ್ನು ಎಲ್ಲರೂ ಒಂದೇ ಸಲ ಒತ್ತುತ್ತಾರೆ. ಸೆಟ್ಟಿನಲ್ಲಿ ಬರೀ ಗರಗರ. ತಡೆದು ಕಳಿಸೋಣವೆಂದರೆ ಆರೂವರೆಗೇ ಕಬ್ಬು ಕಡಿಯುವ ಗ್ಯಾಂಗಿನವರು ಚೀಟಿಗೆ ಬಂದು ನಿಂತಿರುತ್ತಾರೆ. ಮುಂಚೆ ಕಳಿಸೋಣವೆಂದರೆ ಸಹಿಯಾದ ಪಟ್ಟಿ ನನ್ನ ಕೈಗೆ ಬರುವುದೇ ಆರಕ್ಕೆ.

ಟೀ ಕುಡಿದೆ. ಈ ಕಾರ್ಖಾನೆಯಲ್ಲಿ ಟೀ ಕೂಡ ಕಾಕಂಬಿ ವಾಸನೆ ಹೊಡೆಯುತ್ತದೆ.

16 ನವೆಂಬರ್, ಸಂಜೆ

ಶೇತಕಿ ಸಾಹೇಬರು — ಕಬ್ಬಿನ ವಿಭಾಗಕ್ಕೆ ಅವರೇ ದೊಡ್ಡವರು — ಡಬ್ಬಿಯ ಬಗ್ಗೆ ಒಂದು ಟಿಪ್ಪಣಿ ಕೇಳಿದ್ದಾರೆ. ‘ನನಗ ತಿಳಿಯೂಹಂಗ ಬರೀರಿ, ಡಿಪ್ಲೊಮಾ ಭಾಷೆ ಬ್ಯಾಡ’ ಅಂದರು. ಕಚ್ಚಾ ಪ್ರತಿ ಇಲ್ಲೇ ಬರೆಯುತ್ತೇನೆ.

ಪ್ರತಿ ಕಬ್ಬಿನ ಹೊಲಕ್ಕೂ ನಾಲ್ಕಂಕಿಯ ಪ್ಲಾಟ್ ನಂಬರ್. ಇವತ್ತು ಯಾವ ಹೊಲ ಕಡಿಯಬೇಕು ಎಂಬ ಪಟ್ಟಿ ಕಾರ್ಖಾನೆಯಿಂದ ವೈರ್‌ಲೆಸ್‌ನಲ್ಲಿ ಸೆಕ್ಷನ್ ಆಫೀಸಿಗೆ ಹೋಗುತ್ತದೆ. ಅಲ್ಲಿಯ ಗುಮಾಸ್ತ ಚೀಟಿ ಬರೆದು ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಕೊಡುತ್ತಾನೆ. ಚೀಟಿಯಲ್ಲಿದ್ದ ಹೊಲಕ್ಕೆ ಕುಡುಗೋಲು ಬೀಳುತ್ತದೆ. ಹೋದ ವರ್ಷ ನಂಬರುಗಳನ್ನು ಬಾಯಿಂದ ಓದುತ್ತಿದ್ದೆವು. ಅರಚಿ ಅರಚಿ ಗಂಟಲು ಹೋಗುತ್ತಿತ್ತು. ಈ ವರ್ಷ ನಾನು ಮಾಡಿದ ಡಬ್ಬಿ. ಇಲ್ಲಿ ಟೆಲಿಫೋನಿನಂಥ ಗುಂಡಿ ಒತ್ತಿದರೆ ಸ್ವರ ಹೊರಡುತ್ತದೆ, ಅಲ್ಲಿ ಕೆಂಪು ಅಂಕಿ ಮೂಡುತ್ತದೆ. ಗದ್ದಲದಲ್ಲಿ ಸ್ವರ ಸಿಗದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ಅಪರೂಪಕ್ಕೆ ಒಂದರ ಬದಲು ಇನ್ನೊಂದು ಅಂಕಿ ಮೂಡುವುದೂ ಉಂಟು.

ಅದಕ್ಕಾಗಿ ಚೌಕ. 3529 ಕಳಿಸಬೇಕು ಅನ್ನೋಣ. ಮೇಲೆ 3, 5. ಕೆಳಗೆ 2, 9. ಅಡ್ಡ ಕೂಡಿಸಿ ಕೊನೆಯ ಅಂಕಿ ಇಟ್ಟುಕೊಂಡರೆ 8, 1. ಉದ್ದ ಕೂಡಿಸಿದರೆ 5, 4. ನಂಬರಿನ ಬೆನ್ನಿಗೆ ಈ ನಾಲ್ಕನ್ನೂ ಕಳಿಸುತ್ತೇನೆ: 3529 8154. ಒಂದು ಅಂಕಿ ಖಾಲಿ ಬಂದರೆ ಉಳಿದವುಗಳಿಂದ ಲೆಕ್ಕ ಹಾಕಿ ತುಂಬಬಹುದು. ಒಂದು ಅಂಕಿ ತಪ್ಪು ಬಂದರೆ ಚೌಕ ಕೂಡುವುದಿಲ್ಲ, ಅಡ್ಡ ಯಾವ ಸಾಲು ಉದ್ದ ಯಾವ ಸಾಲು ಕೂಡಲಿಲ್ಲ ಎಂದು ನೋಡಿದರೆ ತಪ್ಪು ಎಲ್ಲಿದೆ ಎಂದೂ ತಿಳಿಯುತ್ತದೆ.

ರೂಲು: ಒಂದು ಖಾಲಿ ಇದ್ದರೆ ತುಂಬು. ಎರಡು ಖಾಲಿ ಇದ್ದರೆ ಮತ್ತೆ ಕೇಳು.

ಇಷ್ಟು ಸಾಕು. ಓದಿದರೆ ನನಗೇ ಚೆಂದ ಅನಿಸುತ್ತಿದೆ.

20 ನವೆಂಬರ್, ಕಾಗವಾಡ

ಗುಮಾಸ್ತ ಧರೆಪ್ಪನಿಗೆ ಚೌಕ ಕಲಿಸಲು ಬಂದಿದ್ದೆ. ಐವತ್ತರ ಮನುಷ್ಯ, ತಂಬಾಕು ಒಂದು ಕೆನ್ನೆಯಲ್ಲಿ, ಪೆನ್ನು ಕಿವಿಯ ಮೇಲೆ. ಅಕ್ಷರ ಮುತ್ತಿನಂಥವು. ಒಂದು ತಾಸಿನಲ್ಲಿ ಕಲಿತ. ಕೂಡುವ ಲೆಕ್ಕದಲ್ಲಿ ನನಗಿಂತ ಚುರುಕು.

‘ಜ್ಞಾನದೇವ, ಇದು ಸಣ್ಣ ಹುಡುಗೂರ ಆಟ ಇದ್ಧಂಗ ಐತಿ ಮಾರಾಯಾ. ಡಿಪ್ಲೊಮಾದಾಗ ಇದನ್ನ ಕಲಸ್ತಾರೇನು?’

‘ಇದನ್ನ ಕಲಸೂದಿಲ್ರಿ ಧರೆಪ್ಪಣ್ಣಾ. ಇದಕ್ಕ ಹತ್ತಪಟ್ಟು ಕಷ್ಟ ಇರೂದನ್ನ ಕಲಸ್ತಾರ. ಅದು ಇಲ್ಲಿ ಉಪಯೋಗಕ್ಕ ಬರಾಂಗಿಲ್ಲ.’

ಒಂದು ಮಾತು ಹೇಳಿದೆ: ಖಾಲಿ ಬಂದು ತುಂಬಿದ ಅಂಕಿಗೆ ಸುತ್ತ ಗೋಲ ಹಾಕಿಟ್ಟುಕೊಳ್ಳಿ ಎಂದು. ಒಪ್ಪಲಿಲ್ಲ.

‘ರಜಿಸ್ಟರ್‌ನ್ಯಾಗ ಗೋಲ, ಗೀಟು, ಖಾಡಾಖೋಡ ಏನೂ ನಡ್ಯಾಂಗಿಲ್ಲ. ಇಪ್ಪತ್ತಾರ ವರ್ಷ ಆತು, ನನ್ನ ರಜಿಸ್ಟರ್‌ನ್ಯಾಗ ಒಂದ ಅಕ್ಷರ ತಿದ್ದಿಲ್ಲ. ಆಡಿಟ್‌ನಾವ್ರು ನನ್ನ ರಜಿಸ್ಟರ್ ತಗದು ಬ್ಯಾರೆದವ್ರಿಗೆ ತೋರಸ್ತಾರ.’

ನಿಜವೇ. ಚೊಕ್ಕ ರಜಿಸ್ಟರ್. ವಾದ ಮಾಡಲಿಲ್ಲ. ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಅವರ ಮನೆಯಲ್ಲೇ ಆಯಿತು.

28 ಡಿಸೆಂಬರ್, ಮಧ್ಯಾಹ್ನ

ಸಾಹೇಬರು ಕರೆಸಿದ್ದರು. ಮಾರ್ಚ್ ಮೊದಲ ವಾರ ಬೇರೆ ಕಾರ್ಖಾನೆಗಳವರು ಡಬ್ಬಿ ನೋಡಲು ಬರುತ್ತಾರಂತೆ. ಆರು ಜನ. ಒಬ್ಬರು ಪುಣೆಯಿಂದ.

‘ಕಾಗವಾಡದಾಗ ಇನ್ನೂ ಹದಿನಾಕ ಸಲ ರಿಪೀಟ್ ಆಗತೈತಿ. ಏಳೂವರಿ ತನಕ ಗ್ಯಾಂಗ್ ಕುಂತಿರತಾವ. ಪಾವಣ್ಯಾರ ಮುಂದ ಮತ್ತ ಮತ್ತ ಕೇಳ್ಕೋತ ಕುಂತ್ರ ಏನ ಮರ್ಯಾದಿ ಉಳೀತೈತ್ರಿ? ಕಡಿಮಿ ಮಾಡ್ರಿ. ನಿಮ್ಮ ಖಾಯಂ ಮಾಡೂ ಫೈಲ್ ನನ್ನ ಟೇಬಲ್ ಮ್ಯಾಲನ ಐತಿ.’

ಟೇಬಲ್ ಮೇಲೆ ನೋಡಿದೆ. ಇತ್ತು. ಮೂರು ವರ್ಷದಿಂದ ಟೆಂಪರರಿ ನಾನು.

31 ಡಿಸೆಂಬರ್, ಸಂಜೆ 5

ಸಿಕ್ಕಿತು. ಎರಡು ಖಾಲಿ ಇದ್ದರೂ ಮತ್ತೆ ಕೇಳಬೇಕಾಗಿಲ್ಲ. ಎಂಟು ಅಂಕಿಗಳಲ್ಲಿ ಯಾವ ಎರಡು ಕಾಣೆಯಾದರೂ ಉಳಿದ ಆರರಿಂದ ತುಂಬಬಹುದು. ಒಟ್ಟು 28 ಜೋಡಿ. ಇಪ್ಪತ್ತೆಂಟನ್ನೂ ಕಾಗದದ ಮೇಲೆ ಹಾಕಿ ನೋಡಿದೆ. ಒಂದೂ ಕೈಕೊಡಲಿಲ್ಲ.

ಮೊದಲೇ ಯಾಕೆ ಹೊಳೆಯಲಿಲ್ಲವೋ. ನಾಳೆಯಿಂದ ಹೊಸ ರೂಲು: ಎರಡು ಖಾಲಿಯವರೆಗೆ ತುಂಬು. ಮೂರಾದರೆ ಮಾತ್ರ ಕೇಳು.

ನಿಪ್ಪಾಣಿಗೆ ಅವ್ವನಿಗೆ ಕಾಗದ ಬರೆದೆ. ಖಾಯಂ ಆಗುವ ಹಾಗಿದೆ ಎಂದು ಬರೆದು, ಮತ್ತೆ ಅದನ್ನು ಹೊಡೆದು ಹಾಕಿದೆ. ಆದ ಮೇಲೆ ಬರೆದರಾಯಿತು.

9 ಜನವರಿ 1989

ಕಾಗವಾಡ 40. ಮತ್ತೆ ಕೇಳಿದ್ದು 1.

ಧರೆಪ್ಪ ಸೆಟ್ಟಿನಲ್ಲಿ ಕೂಗಿದ, ‘ಏಳಕ್ಕ ಹತ್ತ ಮಿನಿಟ್ ಐತಿ, ಎಲ್ಲಾ ಗ್ಯಾಂಗ್ ಹ್ವಾದ್ವು! ನನಗ ಇನ್ನ ಕೆಲಸನ ಇಲ್ಲೋ ಮಾರಾಯಾ!’ ಈಗ ಪ್ರತಿ ನಂಬರ್ ಮುಗಿದ ಮೇಲೆ ‘ಚೌಕ ಸರಿ’ ಅನ್ನುತ್ತಾನೆ. ಅವನ ಹಿಂದೆ ನಿಂತ ಮುಕಾದಮರೂ ಅದನ್ನೇ ಅನ್ನಲು ಕಲಿತಿದ್ದಾರೆ. ಖುಷಿಯಾಯಿತು. ಸುಳ್ಳೇಕೆ, ಇಡೀ ದಿನ ಖುಷಿಯಾಗಿದ್ದೆ.

13 ಫೆಬ್ರುವರಿ

ಕಾಗವಾಡ 41. ಮತ್ತೆ ಕೇಳಿದ್ದು 0. ಸೊನ್ನೆ ಬಂದದ್ದು ಇದೇ ಮೊದಲು.

18 ಫೆಬ್ರುವರಿ, ಸಂಜೆ

ಕಾಗವಾಡದಲ್ಲಿ ಗದ್ದಲ. ಪ್ಲಾಟ್ 2674 ಕಡಿದುಬಿಟ್ಟಿದ್ದಾರೆ. ಅದನ್ನು ಕಡಿಯುವ ಹಾಗಿರಲಿಲ್ಲ.

ಧರೆಪ್ಪ ಹೇಳಿದ್ದು: ಹೊಲ ಕಸ್ತೂರೆವ್ವ ಎಂಬಾಕೆಯದು. ಗಂಡ ಸತ್ತು ಒಂಬತ್ತು ವರ್ಷ. ಗಂಡನ ಅಣ್ಣ ಬಾಬಾಸಾಹೇಬ ಇದು ತನ್ನ ಪಾಲು ಎಂದು ಅಥಣಿ ಕೋರ್ಟಿಗೆ ಹೋಗಿದ್ದಾನೆ. ತೀರ್ಪಾಗುವ ತನಕ ನಿಂತ ಕಬ್ಬನ್ನು ಎರಡೂ ಕಡೆಯವರು ಮುಟ್ಟಕೂಡದು ಎಂದು ಸ್ಟೇ ಇದೆ. ಕಬ್ಬಿಗೆ ಹೂವಿನ ತುರಾಯಿ ಬಂದು ಒಣಗುತ್ತಿತ್ತು. ಹದಿಮೂರನೇ ತಾರೀಖು ಆಕೆ ಚಿಂಚಲಿಗೆ ಹೋಗಿದ್ದಳು, ತಮ್ಮನ ಬಸುರಿ ಮಗಳ ಕುಬಸಕ್ಕೆ, ಸೀಮಂತಕ್ಕೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಬರೀ ಕೂಳೆ.

‘ನಿಮಗ ಸ್ಟೇ ಇದ್ದದ್ದು ಗೊತ್ತಿರಲಿಲ್ಲೇನ್ರಿ?’ ಕೇಳಿದೆ.

‘ಗೊತ್ತಿತ್ತು. ಆದ್ರ ನಂಬರ್ ಕಾರ್ಖಾನಿಂದನ ಬಂತಲ್ಲೋ. ಸ್ಟೇ ತಗದಿರಬೇಕು ಅಂತ ತಿಳಕೊಂಡೆ. ಚೌಕ ನೋಡಿದೆ. ಸರಿ ಇತ್ತು.’

ಬಾಬಾಸಾಹೇಬ ಈಗ ಕೋರ್ಟಿಗೆ ಅರ್ಜಿ ಹಾಕಿದ್ದಾನೆ. ಆಕೆಯೇ ಒಳಗೊಳಗೆ ಕಡಿಸಿದಳು, ಶಿಕ್ಷೆಯಾಗಬೇಕು ಎಂದು.

20 ಫೆಬ್ರುವರಿ, ಮಧ್ಯಾಹ್ನ 12

ಹನ್ನೊಂದಕ್ಕೆ ಕಸ್ತೂರೆವ್ವ ವೈರ್‌ಲೆಸ್ ಕೋಣೆಗೇ ಬಂದಳು. ನಲವತ್ತು ದಾಟಿದ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿಮಾಡಿಕೊಂಡು, ಗುಡಿಯೊಳಗೆ ಬಂದಂತೆ ಬಂದಳು. ಹಿಂದೆ ತಮ್ಮ ಮುರಗೆಪ್ಪ. ಚಿಂಚಲಿಯವನು. ಗಂಡ ಸತ್ತಾಗಿನಿಂದ ಆಕೆಯ ಹೊಲ ಉತ್ತು ಬಿತ್ತಿ ಕಾಯ್ದವನು ಅವನೇ.

‘ಧರೆಪ್ಪ ಹೇಳಿದ, ನಂಬರ ಡಬ್ಬ್ಯಾಗ ಬಂತು ಅಂತ. ಯಾವ ಡಬ್ಬಿರಿ ಅದು?’

ತೋರಿಸಿದೆ. ಮುಟ್ಟಲಿಲ್ಲ. ಬಗ್ಗಿ ನೋಡಿದಳು.

‘ಇದು ತಪ್ಪ ಮಾಡತೈತೇನ್ರಿ?’

‘ಇಲ್ರಿ ಅಕ್ಕಾರ. ಎಂಟ ಅಂಕಿ ಹೋಗತಾವ. ಒಂದಕ್ಕೊಂದು ಕೂಡಬೇಕು. ಕೂಡಿದ್ರ ನಂಬರ್ ಸರಿ ಅಂತನ ಅರ್ಥ.’

ಮುರಗೆಪ್ಪ ಬಾಗಿಲಲ್ಲೇ ನಿಂತಿದ್ದ. ‘ಒಮ್ಮೆ ನೋಡ್ರಿ ಸಾಹೇಬ್ರ. ಮಷೀನ ಅಂದ ಮ್ಯಾಲ ಚೂಕ ಆಗತೈತಿ. ನಾ ಅಂತೂ ಯಾರಿಗೂ ಹೇಳಿಲ್ಲ.’

‘ಜನವರಿ ಒಂದರಿಂದ ಒಂದೂ ತಪ್ಪಾಗಿಲ್ಲ. ಧರೆಪ್ಪನ ರಜಿಸ್ಟರ್ ನೋಡ್ರಿ ಬೇಕಾದ್ರ.’

ಆಕೆ ಡಬ್ಬಿಯಿಂದ ಕಣ್ಣು ತೆಗೆದು ತಮ್ಮನ ಕಡೆ ತಿರುಗಿದಳು.

‘ತುರಾಯಿ ಬಂದೈತಿ, ಕಡಸೂಣು ಕಡಸೂಣು ಅಂತ ಎರಡ ತಿಂಗಳಿಂದ ಬಡ್ಕೊಳ್ಳಾಕತ್ತಿದ್ದಿ. ನನ್ನ ಕುಬಸಕ್ಕ ಕರಸ್ಕೊಂಡಿ. ಅವತ್ತ ಹೊಲ ಕಡೀತಾರ.’

‘ಅಕ್ಕಾ, ನಿನ್ನ ಆಣಿ—’

‘ನನ್ನ ಆಣಿ ಹಾಕಬ್ಯಾಡ.’

ಹೊರಟುಹೋದಳು. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಚಪ್ಪಲಿ ಕೈಯಲ್ಲೇ ಹಿಡಿದು ಆಕೆಯ ಹಿಂದೆ ಓಡಿದ. ಗೇಟಿನ ಹತ್ತಿರ ಆಕೆ ನಿಲ್ಲಲಿಲ್ಲ. ಬೇರೆ ಬೇರೆ ಗಾಡಿಯಲ್ಲಿ ಹೋದರೆಂದು ವಾಚ್‌ಮನ್ ಹೇಳಿದ.

ಅವರ ಮನೆಯ ವ್ಯವಹಾರ. ನನಗೇಕೆ.

27 ಫೆಬ್ರುವರಿ, ಸಂಜೆ 4

ಮಲಕಾರಿ ಎಂಬ ರೈತ ಬಂದಿದ್ದ, ಕಾಗವಾಡ ಸೆಕ್ಷನ್ನಿನವನು. ಒಂದೂವರೆ ಎಕರೆ ಕಬ್ಬು, ಇಪ್ಪತ್ತು ಕುರಿ. ಪ್ಲಾಟ್ 2614.

‘ನನ್ನ ಪಾಳಿ ಬಂದ ಎರಡ ವಾರ ಆತ್ರಿ. ಲಿಸ್ಟ್‌ನ್ಯಾಗ ಹೆಸರ ಐತಿ ಅಂತ ಇಲ್ಲಿ ಆಫೀಸ್‌ನ್ಯಾಗ ತೋರಿಸಿದ್ರು. ಗ್ಯಾಂಗ ಬಂದ ಇಲ್ಲ.’

ಹದಿಮೂರನೇ ತಾರೀಖಿನ ಪಟ್ಟಿ ತೆಗೆದೆ. ಹತ್ತೊಂಬತ್ತನೇ ಸಾಲು: 2614. ಕಳಿಸಿದ್ದೇನೆ, ಟಿಕ್ ಇದೆ. ಸೆಟ್ಟಿನಲ್ಲಿ ಧರೆಪ್ಪನನ್ನು ಕೇಳಿದೆ: ಅವತ್ತಿನ ಹತ್ತೊಂಬತ್ತನೇ ನಂಬರ್ ಯಾವುದು?

‘2674. ಪೂರಾ ಓದ್ಲೇನು? 2674 8190. ಚೌಕ ಸರಿ.’

ನಾನು ಕಳಿಸಿದ್ದು 2614 8530.

ಮಲಕಾರಿಗೆ ನಾಳೆ ಗ್ಯಾಂಗ್ ಬರುತ್ತದೆ ಎಂದು ಹೇಳಿ ಕಳಿಸಿ ಬಾಗಿಲು ಹಾಕಿದೆ.

ಮೂರನೇ ಅಂಕಿ 1 ಹೋಗಿ 7 ಆಗಿದೆ. ಆಗಬಹುದು. ಪ್ರತಿ ಅಂಕಿಗೂ ಎರಡು ಸ್ವರ. 1ಕ್ಕೂ 7ಕ್ಕೂ ಒಂದು ಸ್ವರ ಒಂದೇ. ಇನ್ನೊಂದನ್ನು ಗದ್ದಲ ಕೆಡಿಸಿದರೆ ಸಾಕು. ಇದನ್ನು ಹಿಡಿದುಕೊಡಬೇಕಾಗಿದ್ದ ಅಂಕಿಗಳು ಎರಡು — ಆರನೆಯದು, ಏಳನೆಯದು. ಕೆಳಸಾಲಿನ 5, ಎಡಸಾಲಿನ 3. ಅವೆರಡೂ ಖಾಲಿ ಬಂದಿವೆ. ಧರೆಪ್ಪ ರೂಲಿನಂತೆ ತುಂಬಿದ. ತಪ್ಪಿದ 7 ಇಟ್ಟುಕೊಂಡೇ ಕೂಡಿಸಿದ: 7 ಮತ್ತು 4, ಕೊನೆಗೆ 1. 2 ಮತ್ತು 7, 9. ಚೌಕ ಕೂಡಿತು. ಕೂಡದೆ ಏನು ಮಾಡೀತು, ಕೂಡುವ ಹಾಗೇ ತುಂಬಿದ ಮೇಲೆ?

ಖಾಲಿ ಬಂದದ್ದು ಕಣ್ಣಿಗೆ ಕಾಣುತ್ತದೆ. ತಪ್ಪು ಬಂದದ್ದು ಸರಿಯಾದದ್ದರ ಹಾಗೇ ಕೆಂಪಗೆ ಉರಿಯುತ್ತದೆ. ಇಪ್ಪತ್ತೆಂಟು ಜೋಡಿ ಹಾಕಿ ನೋಡಿದಾಗ ಉಳಿದ ಆರು ಅಂಕಿ ಸರಿಯೇ ಬಂದಿವೆ ಎಂದು ಹಿಡಿದಿದ್ದೆ. ಆ ಆರರಲ್ಲಿ ಒಂದು ಕೆಟ್ಟಿದ್ದರೆ? ಅದನ್ನು ಹಾಕಿ ನೋಡಲೇ ಇಲ್ಲ. ಹಳೆಯ ರೂಲಿನಲ್ಲಿ ಎರಡು ಖಾಲಿ ಎಂದ ಕೂಡಲೇ ಮತ್ತೆ ಕೇಳುತ್ತಿದ್ದ. ಈ ತಪ್ಪು ಆಗುತ್ತಲೇ ಇರಲಿಲ್ಲ.

ಆ ದಿನ ಕಸ್ತೂರೆವ್ವ ಬಂದಾಗ ಈ ಪಟ್ಟಿ ಇದೇ ಡ್ರಾಯರಿನಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ತೆಗೆದು ನೋಡಲಿಲ್ಲ. ನೋಡುವ ಅಗತ್ಯವಿದೆ ಅನಿಸಲೂ ಇಲ್ಲ. ಇದಕ್ಕೆ ಡಬ್ಬಿಯನ್ನು ದೂರಲಾರೆ. ನಾಚಿಕೆಯಾಗುತ್ತಿದೆ.

28 ಫೆಬ್ರುವರಿ

ಸಾಹೇಬರಿಗೆ ಹೇಳಿದೆ. ಎರಡೂ ನಂಬರ್ ಬರೆದು ತೋರಿಸಿದೆ. ಬೇಗ ಅರ್ಥ ಮಾಡಿಕೊಂಡರು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

‘ಸಹಿ ಮಾಡಿದ ಪಟ್ಟಿ ನನ್ನ ಕಡೆನೂ ಐತಿ. 2614 ಅಂತನ ಐತಿ. ಹೌದ್ರಿ, ನೀವು ಹೇಳೂದು ಖರೇ ಇದ್ದೀತು. ಮುಂದ? ಆರನೇ ತಾರೀಖ ಪಾವಣ್ಯಾರ ಬರಾಕತ್ತಾರ. ಅವ್ರಿಗೆ ಇದು ತಪ್ಪ ಹೊಲ ಕಡಸೂ ಡಬ್ಬಿ ಅಂತ ಹೇಳ್ಲೇನು? ಅವರು ಹೋಗೂ ತನಕ ಬಾಯಿ ಮುಚ್ಕೊಂಡಿರ್ರಿ. ರೂಲೂ ಹಂಗ ಇರ್ಲಿ.’

‘ಆ ಹೆಣ್ಣಮಗಳ ಮ್ಯಾಲೆ ಕೋರ್ಟಿನ್ಯಾಗ—’

‘ಆಕಿಗೆ ವಕೀಲ ಇಲ್ಲೇನ್ರಿ?’

ಬಂದು ಕೂತೆ. ಒಂದು ವಾರ ತಾನೇ ಅನಿಸಿತು.

7 ಮಾರ್ಚ್

ನಿನ್ನೆ ಬಂದುಹೋದರು. ಚೆನ್ನಾಗಿ ನಡೆಯಿತು. ಪುಣೆಯವರು ತಾವೇ ಗುಂಡಿ ಒತ್ತಿ ಕಾಗವಾಡಕ್ಕೆ ನಂಬರ್ ಕಳಿಸಿದರು. ‘ಚೌಕ ಸರಿ’ ಎಂದು ಧರೆಪ್ಪ ಕೂಗಿದಾಗ ಚಪ್ಪಾಳೆ. ಮರಾಠಿಯಲ್ಲಿ ನನ್ನನ್ನು ಬಹಳ ಹೊಗಳಿದರು. ಡಬ್ಬಿ ಮಾಡಿದ ಕೈ ನನ್ನದಲ್ಲವೇನೋ ಅನ್ನುವ ಹಾಗೆ ನಿಂತಿದ್ದೆ.

ಇವತ್ತು ಯಾರನ್ನೂ ಕೇಳದೆ ಹಳೆಯ ರೂಲಿಗೆ ತಂದೆ. ಮತ್ತೆ ಕೇಳಿದ್ದು 13. ಧರೆಪ್ಪ ಬೈದ. ಬೈಯಲಿ.

ಕಸ್ತೂರೆವ್ವನ ಹತ್ತಿರ ಹೋಗಬೇಕು. ನಾಳೆ.

18 ಮಾರ್ಚ್, ಶನಿವಾರ

ಹೋಗಲಿಲ್ಲ. ಹತ್ತು ದಿನದಲ್ಲಿ ಏನೂ ಬರೆದೂ ಇಲ್ಲ. ಖಾಯಂ ಆರ್ಡರ್ ಹದಿನೈದಕ್ಕೆ ಬಂತು. ಆರು ತಿಂಗಳು ಪ್ರೊಬೇಷನ್.

ಇವತ್ತು ಪಟ್ಟಿ ಮುಗಿದ ಮೇಲೆ ಧರೆಪ್ಪ ಹೇಳಿದ. ನಿನ್ನೆ ಅಥಣಿಯಲ್ಲಿ ವಿಚಾರಣೆ ಇತ್ತಂತೆ. ಸ್ಟೇ ಮುರಿದದ್ದಕ್ಕೆ ಕಸ್ತೂರೆವ್ವನನ್ನು ಒಳಗೆ ಹಾಕುವ ಹಾಗಿತ್ತು. ಮುರಗೆಪ್ಪ ಎದ್ದು ನಿಂತು, ನಾನೇ ಕಡಿಸಿದ್ದು, ಅಕ್ಕನಿಗೆ ಗೊತ್ತಿಲ್ಲ ಅಂದನಂತೆ. ಹದಿನೈದು ದಿನ ಜೈಲು.

‘ನೋಡಿದೇನ, ಕಡೀಕ ಒಪ್ಕೊಂಡ ಮಗಾ,’ ಅಂದ ಧರೆಪ್ಪ. ‘ನಾ ಮೊದಲ ಹೇಳಿದ್ದೆ. ನನ್ನ ರಜಿಸ್ಟರ್ ಎಂದೂ ತಪ್ಪಂಗಿಲ್ಲ.’

ಈಗ ಎಲ್ಲ ಕೂಡುತ್ತದೆ. ರಜಿಸ್ಟರ್ ಸರಿ, ಡಬ್ಬಿ ಸರಿ, ಕುಬಸ ಸರಿ, ತಪ್ಪೊಪ್ಪಿಗೆಯೂ ಸರಿ. ಎಲ್ಲಿಯೂ ಖಾಲಿ ಜಾಗವಿಲ್ಲ.

ನಾನು ಎಂಟನೇ ತಾರೀಖು ಹೋಗಿದ್ದರೆ ಅವನು ಜೈಲಿನಲ್ಲಿರುತ್ತಿರಲಿಲ್ಲ.

2 ಏಪ್ರಿಲ್, ಭಾನುವಾರ, ಕಾಗವಾಡ ಬಸ್ ಸ್ಟ್ಯಾಂಡ್

ಹೋಗಿ ಬಂದೆ. ಕಸ್ತೂರೆವ್ವ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದಳು. ಕೂತುಕೊಳ್ಳಿ ಅಂದಳು. ನೀರು ಕೊಟ್ಟಳು. ಚೀಲದಿಂದ ಸ್ಲೇಟು ತೆಗೆದೆ, ಚೌಕ ಬರೆದೆ. ಒಂದು ಅಂಕಿ ನೀವೇ ಬದಲು ಮಾಡಿ, ಎರಡು ನಾನು ಅಳಿಸುತ್ತೇನೆ ಅಂದೆ. ಮಾಡಿದಳು. ಅಳಿಸಿದ್ದನ್ನು ತುಂಬಿದೆ. ಕೂಡಿತು. ಇನ್ನೊಮ್ಮೆ ಮಾಡಿದೆವು. ಆಕೆ ಓದಿದವಳಲ್ಲ, ಆದರೆ ಅಂಕಿ ಬಲ್ಲಳು. ತಾನೇ ಬೆರಳಿನಲ್ಲಿ ಕೂಡಿಸಿ ನೋಡಿದಳು.

‘ಅಂದ್ರ ಇದು ತಪ್ಪ ಮಾಡತೈತಿ.’

‘ಮಾಡತೈತ್ರಿ. ತಪ್ಪ ಅದರದ ಅಲ್ಲ. ನಂದು. ಮುರಗೆಪ್ಪ ಏನೂ ಮಾಡಿಲ್ಲ.’

ಸ್ಲೇಟನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಮ್ಮೆ ಕೂಡಿಸಿದಳು. ಅಳಬಹುದು ಅಂದುಕೊಂಡೆ. ಅಳಲಿಲ್ಲ.

‘ಅವತ್ತ ತಪ್ಪಂಗಿಲ್ಲ ಅಂದ್ರಿ. ನಂಬಿದ್ನಿ. ಇವತ್ತ ತಪ್ಪತೈತಿ ಅಂತೀರಿ. ಯಾವದ ನಂಬ್ಲಿ? ನನ್ನ ತಮ್ಮ ಬಂದು ನಿಮ್ಮ ಮುಂದ ಕಣ್ಣೀರ ಹಾಕಿರಬೇಕು.’

‘ಇಲ್ರಿ. ಅವರನ್ನ ನೋಡೇ ಇಲ್ಲ.’

‘ಅಂವ ಕೋರ್ಟಿನ್ಯಾಗ, ಎಲ್ಲಾರ ಮುಂದ, ನಾನ ಮಾಡೀನಿ ಅಂದಾನ. ನೀವೂ ಅಲ್ಲೇ ಹೇಳ್ರಿ. ಜಡ್ಜ್ ಸಾಹೇಬ್ರ ಮುಂದ ಪ್ರಮಾಣ ಮಾಡಿ ಹೇಳ್ರಿ. ಆವಾಗ ನಂಬ್ತೀನಿ. ಇಲ್ಲಿ ಪಡಸಾಲ್ಯಾಗ ಕುಂತು ಯಾರ ಏನ ಬೇಕಾದ್ರೂ ಹೇಳಬಹುದು.’

ಹೊರಡುವಾಗ ಸ್ಲೇಟು ಬಿಟ್ಟು ಹೋಗಿ ಅಂದಳು. ಬಿಟ್ಟು ಬಂದೆ.

9 ಏಪ್ರಿಲ್, ಚಿಂಚಲಿ

ಮುರಗೆಪ್ಪನನ್ನು ನೋಡಿದೆ. ದನಕ್ಕೆ ಮೇವು ಹಾಕುತ್ತಿದ್ದ. ಕೆಲಸ ನಿಲ್ಲಿಸಲಿಲ್ಲ. ಜೈಲಿನಿಂದ ಬಂದ ಮೇಲೆ ಕಾಗವಾಡದ ಕಡೆ ಹೋಗಿಲ್ಲ. ಅಕ್ಕನ ಹೊಲದ ಕೂಳೆಗೆ ನೀರು ಬಿಟ್ಟಿದ್ದಾರೋ ಇಲ್ಲವೋ ಎಂದು ನನ್ನನ್ನೇ ಕೇಳಿದ.

ನಡೆದದ್ದೆಲ್ಲ ಹೇಳಿದೆ. ಬೈಯುತ್ತಾನೆಂದುಕೊಂಡು ಹೋಗಿದ್ದೆ.

‘ಕೋರ್ಟಿನ್ಯಾಗ ಹೇಳಿದ್ರ ನಿಮಗ ತೊಂದ್ರಿ ಆಗತೈತಲ್ರಿ?’

‘ಆಗತೈತಿ. ನಿಮಗೂ ಆಗಬಹುದು. ಸುಳ್ಳ ಒಪ್ಕೊಂಡಿರಿ ಅಂತ ಆಗತೈತಿ.’

‘ನಂದೇನ ಉಳದೈತಿ. ಹೇಳ್ರಿ. ಅಕ್ಕ ಮಾತ್ರ ಅಲ್ಲಿ ಇರಬೇಕು. ಆಕಿ ಕೇಳಬೇಕು.’

ಟೀ ಕುಡಿಯಿರಿ ಅನ್ನಲಿಲ್ಲ. ಅದು ಸರಿಯೇ.

11 ಏಪ್ರಿಲ್

ಕಸ್ತೂರೆವ್ವನ ವಕೀಲರು ನನ್ನ ಹೇಳಿಕೆ ಟೈಪ್ ಮಾಡಿಸಿ, ಮುರಗೆಪ್ಪನ ಶಿಕ್ಷೆಯನ್ನು ಮತ್ತೆ ನೋಡಬೇಕೆಂದು ಅರ್ಜಿ ಹಾಕಿದ್ದಾರೆ. ಹದಿನೇಳಕ್ಕೆ ತಾರೀಖು. ಸಾಹೇಬರಿಗೆ ರಜೆ ಅರ್ಜಿ ಕೊಟ್ಟೆ. ಕಾರಣದ ಮುಂದೆ ‘ಅಥಣಿ ಕೋರ್ಟ್, ಸಾಕ್ಷಿ’ ಎಂದು ಬರೆದಿದ್ದೆ. ಓದಿ ಕನ್ನಡಕ ತೆಗೆದಿಟ್ಟರು.

‘ಪ್ರೊಬೇಷನ್ ಮ್ಯಾಲ ಅದೀರಿ, ನೆನಪ ಐತಿಲ್ಲ?’

‘ಐತ್ರಿ.’

‘ಪುಣೆಯವ್ರು ಎಂಟ ಡಬ್ಬಿ ಕೇಳ್ಯಾರ.’

‘ಅವ್ರಿಗೂ ಬರದೀನ್ರಿ. ಎರಡ ಖಾಲಿ ತುಂಬಬ್ಯಾಡ್ರಿ ಅಂತ.’

ರಜೆಗೆ ಸಹಿ ಹಾಕಿದರು. ಬಂದ ಮೇಲೆ ವೈರ್‌ಲೆಸ್ ಕೋಣೆಗೆ ಬರಬೇಡಿ, ನೇರ ನನ್ನ ಹತ್ತಿರ ಬನ್ನಿ ಅಂದರು. ಕೋಣೆಯ ಕೀಲಿಕೈ ಇಲ್ಲೇ ಇಟ್ಟು ಹೋಗಿ ಅಂದರು. ಇಟ್ಟೆ. ದುಃಖವಾಗುತ್ತದೆ ಎಂದುಕೊಂಡಿದ್ದೆ. ಅಷ್ಟೇನೂ ಆಗಲಿಲ್ಲ. ಹಸಿವಾಗಿತ್ತು.

17 ಏಪ್ರಿಲ್, ಅಥಣಿ, ಮಧ್ಯಾಹ್ನ 2-20

ಹೇಳಿದೆ.

ಬಾಬಾಸಾಹೇಬನ ವಕೀಲರು ಒಂದು ತಾಸು ಹಿಂಡಿದರು. ಫೆಬ್ರುವರಿ ಇಪ್ಪತ್ತಕ್ಕೆ ಯಂತ್ರ ತಪ್ಪು ಮಾಡುವುದಿಲ್ಲ ಎಂದವರು ನೀವೇ ತಾನೇ? ಹೌದು. ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ? ಆಗ ಹೇಳಿದ್ದು. ಗೊತ್ತಿದ್ದೂ ಹೇಳಿದಿರೋ? ಗೊತ್ತಿರಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಗುಮಾಸ್ತರು ಅದನ್ನೂ ಬರೆದುಕೊಂಡರು.

ಕಸ್ತೂರೆವ್ವ ಹಿಂದಿನ ಬೆಂಚಿನಲ್ಲಿದ್ದಳು. ಮುರಗೆಪ್ಪ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ನಾನು ಚೌಕದ ಲೆಕ್ಕ ಹೇಳುವಾಗ ಆಕೆಯ ಬೆರಳುಗಳು ಮಡಚಿ ಮಡಚಿ ಬಿಚ್ಚಿಕೊಳ್ಳುತ್ತಿದ್ದವು. ಜೊತೆಗೇ ಕೂಡಿಸುತ್ತಿದ್ದಳು.

ಆದೇಶ ಮುಂದಿನ ತಿಂಗಳು. ಹೊರಗೆ ಬಂದೆ. ಆವರಣದ ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತಿದ್ದರು, ನಡುವೆ ನಾಲ್ಕು ಮಾರು ಬಿಟ್ಟು. ದಾಟಿಕೊಂಡೇ ಹೋಗಬೇಕಾಗಿತ್ತು. ಕೇಳಿಸಿತು.

‘ಮಾಡಿಲ್ಲ ಅಂದ ಮ್ಯಾಲ ಯಾಕ ಒಪ್ಕೊಂಡೀಪಾ?’

‘ನಿನ್ನ ಒಳಗ ಹಾಕತಿದ್ರು.’

‘ನನಗರ ಹೇಳಬೇಕಿಲ್ಲ?’

‘ಮನ್ಯಾಗ ಖರೇ ಹೇಳಿದ್ನಿ ಅಕ್ಕಾ. ನೀ ನಂಬಲಿಲ್ಲ. ಕೋರ್ಟಿನ್ಯಾಗ ಸುಳ್ಳ ಹೇಳಿದ್ನಿ. ಎಲ್ಲಾರೂ ನಂಬಿದ್ರು. ನೀನೂ ನಂಬಿದಿ.’

 ನಾನು ಅಲ್ಲಿ ನಿಲ್ಲುವ ಹಾಗಿರಲಿಲ್ಲ, ಗೇಟಿನ ಕಡೆ ನಡೆದೆ. ತಿರುಗಿ ನೋಡಿದಾಗ ಆಕೆ ಇನ್ನೂ ಹಾಗೇ ನಿಂತಿದ್ದಳು, ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ ಬಸ್ಸಿನ ಕಡೆ ಹೊರಟಿದ್ದ. ‘ಕೂಳಿಗೆ ಇನ್ನೂ ನೀರ ಬಿಟ್ಟಿಲ್ಲೋ!’ ಆಕೆ ಕೂಗಿದಳು. ಅವನು ನಿಂತ. ತಿರುಗಿ ಆಕೆಯ ಕಡೆ ನಡೆದ.